ಜ್ವರದ ಬೆನ್ನಿಗೆ ಬರುವ ಲಕ್ವ: ಯುವಜನರಲ್ಲಿ ಸೋಂಕಿನಿಂದಾಗುವ ಪಾರ್ಶ್ವವಾಯು

ಅರವತ್ತು ದಾಟಿದವರಿಗೆ ಲಕ್ವ ಹೊಡೆದರೆ ಕಾರಣ ಹುಡುಕಲು ವೈದ್ಯರು ಹೆಚ್ಚು ದೂರ ಹೋಗಬೇಕಾಗಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕೊಬ್ಬು ಕಟ್ಟಿದ ರಕ್ತನಾಳ, ಲಯ ತಪ್ಪಿದ ಹೃದಯ ಇವುಗಳಲ್ಲಿ ಒಂದೋ ಎರಡೋ ಸಿಕ್ಕೇ ಸಿಗುತ್ತವೆ. ಇಪ್ಪತ್ತೈದರ ತರುಣನಿಗೋ ಮೂವತ್ತರ ಹೆಂಗಸಿಗೋ ಒಂದು ಬದಿಯ ಕೈಕಾಲು ಬಿದ್ದುಹೋದಾಗ ಇದೇ ಪಟ್ಟಿ ಸಾಲುವುದಿಲ್ಲ. ಬಿಪಿ, ಸಕ್ಕರೆ, ತಂಬಾಕು ಈಗ ಹರೆಯದವರನ್ನೂ ಕಾಡುತ್ತಿವೆ ಎಂಬುದು ನಿಜ. ಆದರೂ ಅವರ ವಿಷಯದಲ್ಲಿ ಇನ್ನೊಂದು ಪ್ರಶ್ನೆಯನ್ನು ಬಿಡದೆ ಕೇಳಬೇಕು: ಈಚೆಗೆ ಜ್ವರ ಬಂದಿತ್ತೇ?

ಈ ಪ್ರಶ್ನೆಯ ಉತ್ತರ ಚಿಕಿತ್ಸೆಯನ್ನೇ ತಿರುಗಿಸಿಬಿಡಬಲ್ಲದು. ರಕ್ತ ಹೆಪ್ಪುಗಟ್ಟಿ ಮೆದುಳಿನ ಅಪಧಮನಿ ಮುಚ್ಚಿಕೊಂಡಿದ್ದರೆ, ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುತ್ತಾರೆ; ಅದು ಎಷ್ಟೋ ಜನರನ್ನು ಮತ್ತೆ ನಡೆಯುವಂತೆ ಮಾಡಿದೆ. ಆದರೆ ಆ ಹೆಪ್ಪು ಹೃದಯದ ಕವಾಟದ ಸೋಂಕಿನಿಂದ ಸಿಡಿದುಬಂದ ತುಣುಕಾಗಿದ್ದರೆ ಅದೇ ಚುಚ್ಚುಮದ್ದು ಮೆದುಳಿನಲ್ಲಿ ರಕ್ತಸ್ರಾವ ಮಾಡಿಸಿ ಜೀವ ತೆಗೆಯಬಹುದು. ಇನ್ನು ಬಾಣಂತಿಯ ಮೆದುಳಿನ ಅಭಿಧಮನಿ ಮುಚ್ಚಿಕೊಂಡಿದ್ದರೆ, ಸ್ಕ್ಯಾನಿನಲ್ಲಿ ರಕ್ತಸ್ರಾವ ಕಂಡರೂ ರಕ್ತ ತೆಳುವಾಗಿಸುವ ಹೆಪಾರಿನ್ ಕೊಡಬೇಕಾಗುತ್ತದೆ. ಮೂವರಲ್ಲೂ ಹೊರಗೆ ಕಾಣುವುದು ಒಂದೇ, ಸೋತ ಕೈಕಾಲು. ಒಳಗಿನ ಕಾರಣ ಬೇರೆಯಾದ್ದರಿಂದ ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷವಾಗುತ್ತದೆ.

ರೋಗಾಣು ಮೆದುಳಿನ ರಕ್ತಸಂಚಾರವನ್ನು ಕೆಡಿಸಲು ಹಲವು ದಾರಿಗಳಿವೆ. ಅದು ರಕ್ತನಾಳದ ಗೋಡೆಯನ್ನೇ ಹೊಕ್ಕು ಉರಿಯೂತ ಉಂಟುಮಾಡಬಹುದು. ಹೃದಯದಲ್ಲಿ ಬೀಡುಬಿಟ್ಟು ಅಲ್ಲಿಂದ ತುಣುಕುಗಳನ್ನು ಮೇಲಕ್ಕೆ ಕಳಿಸಬಹುದು. ಮೆದುಳಿನಿಂದ ರಕ್ತ ಹಿಂತಿರುಗಿಸುವ ಅಭಿಧಮನಿಗಳನ್ನು ಮುಚ್ಚಬಹುದು. ಇವು ಯಾವುದೂ ಇಲ್ಲದೆ, ಬರೀ ಜ್ವರದ ಕಾವಿನಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುವಂತೆಯೂ ಮಾಡಬಹುದು. ಜಗತ್ತಿನ ಯಾವ ಭಾಗದಲ್ಲಿ ಯಾವುದು ಹೆಚ್ಚು ಎಂಬುದು ಅಲ್ಲಿನ ಕಾಯಿಲೆಗಳನ್ನು ಅವಲಂಬಿಸಿದೆ. ಬ್ರೆಜಿಲ್‌ನಲ್ಲಾದರೆ ಕಾರ್ಲೋಸ್ ಷಾಗಸ್ 1909ರಲ್ಲಿ ಗುರುತಿಸಿದ, ತಿಗಣೆಯ ಜಾತಿಯ ಕೀಟದಿಂದ ಹರಡುವ ಷಾಗಸ್ ಕಾಯಿಲೆಯನ್ನು ನೆನೆಯಬೇಕು. ಅದು ಹೃದಯವನ್ನು ದುರ್ಬಲಗೊಳಿಸಿ, ಅಲ್ಲಿ ರಕ್ತ ಹೆಪ್ಪುಗಟ್ಟಿಸಿ ಲಕ್ವ ತರುತ್ತದೆ. ನಮ್ಮಲ್ಲಿ ಮೊದಲು ನೆನಪಾಗಬೇಕಾದದ್ದು ಕ್ಷಯ.

ಮೆದುಳಿನ ಪೊರೆಗೆ ಇಳಿದ ಕ್ಷಯ

ಕ್ಷಯವೆಂದರೆ ಕೆಮ್ಮು, ಕಫ, ಶ್ವಾಸಕೋಶ ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಕ್ಷಯದ ಬ್ಯಾಕ್ಟೀರಿಯ ರಕ್ತದ ಮೂಲಕ ಮೆದುಳಿಗೂ ಹೋಗಿ, ಅಲ್ಲಿ ಸಣ್ಣ ಗಂಟಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನಿರಬಲ್ಲದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆರ್ನಾಲ್ಡ್ ರಿಚ್ ಮತ್ತು ಹೋವರ್ಡ್ ಮೆಕಾರ್ಡಕ್ 1933ರಲ್ಲಿ ಇದನ್ನು ತೋರಿಸಿಕೊಟ್ಟರು. ಗಂಟು ಮೆದುಳಿನ ಸುತ್ತಣ ದ್ರವದೊಳಕ್ಕೆ ಒಡೆದಾಗ ಪೊರೆಯ ಉರಿಯೂತ ಶುರುವಾಗುತ್ತದೆ. ಆಗ ಸೋರಿದ ಕೀವುದ್ರವ ಗಂಜಿಯಂತೆ ಗಟ್ಟಿಯಾಗಿ ಮೆದುಳಿನ ತಳದಲ್ಲಿ ಕಟ್ಟಿಕೊಳ್ಳುತ್ತದೆ.

ತಳದಲ್ಲಿ ಎಂಬುದೇ ಇಲ್ಲಿ ಮುಖ್ಯ. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಗಳೆಲ್ಲ ಕೂಡಿ ಉಂಗುರವಾಗುವ ಜಾಗ ಅದು. ಆ ಉಂಗುರದಿಂದ ಕೂದಲೆಳೆಯಷ್ಟು ಸಣ್ಣ ಕವಲುಗಳು ಮೆದುಳಿನ ಆಳಕ್ಕೆ ಏರುತ್ತವೆ. ಕೈಕಾಲುಗಳಿಗೆ ಆಜ್ಞೆ ಒಯ್ಯುವ ನರತಂತುಗಳು ಒತ್ತೊತ್ತಾಗಿ ಸಾಗುವುದು ಈ ಕವಲುಗಳು ಪೋಷಿಸುವ ಜಾಗದಲ್ಲೇ. ಕೀವುದ್ರವದಲ್ಲಿ ಮುಳುಗಿದ ರಕ್ತನಾಳದ ಗೋಡೆ ಊದಿಕೊಳ್ಳುತ್ತದೆ, ಒಳಪದರ ದಪ್ಪವಾಗುತ್ತದೆ, ನಾಳ ಸೆಟೆದು ಕಿರಿದಾಗುತ್ತದೆ, ಕೊನೆಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ. ಮೆದುಳಿನ ಪೊರೆಯ ಕ್ಷಯ ಬಂದವರಲ್ಲಿ ಶೇಕಡಾ 15ರಿಂದ 57ರಷ್ಟು ಮಂದಿಗೆ ಹೀಗೆ ಮೆದುಳಿನ ಭಾಗ ಸತ್ತಿರುವುದನ್ನು ಬೇರೆ ಬೇರೆ ಅಧ್ಯಯನಗಳು ಕಂಡಿವೆ. ಅಂತರ ಇಷ್ಟು ದೊಡ್ಡದಾಗಿರಲು ಒಂದು ಕಾರಣವೆಂದರೆ, ಎಷ್ಟೋ ಹಾನಿಗಳು ಹೊರಗೆ ಲಕ್ಷಣ ತೋರಿಸದೆ ಎಂಆರ್‌ಐ ಮಾಡಿಸಿದಾಗ ಮಾತ್ರ ಕಾಣಸಿಗುತ್ತವೆ.

ಈ ಲಕ್ವ ಸಾಮಾನ್ಯವಾಗಿ ಬರಸಿಡಿಲಿನ ಹಾಗೆ ಬರುವುದಿಲ್ಲ. ಎರಡು ಮೂರು ವಾರಗಳಿಂದ ಸಂಜೆ ಜ್ವರ, ಮಾತ್ರೆಗೆ ಬಗ್ಗದ ತಲೆನೋವು, ಊಟ ಸೇರದಿರುವುದು, ವಾಂತಿ, ತೂಕ ಇಳಿಯುವುದು, ಮಾತಿನಲ್ಲಿ ನಡತೆಯಲ್ಲಿ ಏನೋ ವ್ಯತ್ಯಾಸ ಇವೆಲ್ಲ ಮೊದಲೇ ಇರುತ್ತವೆ. ಆ ಹೊತ್ತಿನಲ್ಲಿ ಟೈಫಾಯಿಡ್ ಎಂದೋ ಮೈಗ್ರೇನ್ ಎಂದೋ ಚಿಕಿತ್ಸೆ ನಡೆದಿರುತ್ತದೆ. ಕೈಕಾಲು ಬೀಳುವ ಮುನ್ನ ಸಿಕ್ಕ ಆ ಎರಡು ಮೂರು ವಾರಗಳೇ ನಿಜವಾದ ಅವಕಾಶ. ಹತ್ತು ಹದಿನೈದು ದಿನ ಬಿಡದ ಜ್ವರದ ಜೊತೆಗೆ ತಲೆನೋವು ಇರುವ ಯಾರನ್ನೂ ಬರೀ ಮಾತ್ರೆ ಕೊಟ್ಟು ಮನೆಗೆ ಕಳಿಸಬಾರದು.

ರೋಗ ಪತ್ತೆಗೆ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕು. ಇಲ್ಲಿ ಅನೇಕ ಕುಟುಂಬಗಳು ಹಿಂಜರಿಯುತ್ತವೆ. ಬೆನ್ನಿಗೆ ಸೂಜಿ ಹಾಕಿಸಿದರೆ ಕಾಲಿನ ಬಲ ಹೋಗುತ್ತದೆ ಎಂಬ ಭಯ ಊರೂರಿನಲ್ಲಿದೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರದೆಳೆಗಳು ಮಾತ್ರ. ಸೂಜಿ ಹಾಕಿಸಿಕೊಂಡ ರೋಗಿಯ ಕಾಲು ಮುಂದೆ ಸೋತಿದ್ದರೆ ಅದು ಸಾಮಾನ್ಯವಾಗಿ ಕಾಯಿಲೆಯ ಕೆಲಸ. ತೆಗೆದ ನೀರಿನಲ್ಲಿ ಸಕ್ಕರೆ ಕಡಿಮೆ, ಪ್ರೋಟೀನ್ ಹೆಚ್ಚು, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹೆಚ್ಚು ಕಂಡರೆ ಅನುಮಾನ ಬಲವಾಗುತ್ತದೆ. ಸಿಬಿನ್ಯಾಟ್ ಪರೀಕ್ಷೆ ಕ್ಷಯಾಣುವಿನ ಗುರುತನ್ನು ಕೆಲವೇ ಗಂಟೆಗಳಲ್ಲಿ ಕೊಡುತ್ತದೆ. ಅದು ಇಲ್ಲ ಎಂದರೂ ಕ್ಷಯ ಇಲ್ಲವೆಂದು ಕೈಬಿಡುವಂತಿಲ್ಲ, ಏಕೆಂದರೆ ಆ ದ್ರವದಲ್ಲಿ ಬ್ಯಾಕ್ಟೀರಿಯಗಳ ಸಂಖ್ಯೆ ಬಹಳ ಕಡಿಮೆ ಇರುತ್ತದೆ.

ಚಿಕಿತ್ಸೆ ಸಾಮಾನ್ಯವಾಗಿ ಒಂದು ವರ್ಷದ್ದು, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. ಕ್ಷಯದ ಮಾತ್ರೆಗಳ ಜೊತೆಗೆ ಮೊದಲ ಆರರಿಂದ ಎಂಟು ವಾರ ಸ್ಟೀರಾಯ್ಡ್ ಕೊಡುತ್ತಾರೆ. ವಿಯೆಟ್ನಾಂನಲ್ಲಿ 545 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪಡೆದವರಲ್ಲಿ ಒಂಬತ್ತು ತಿಂಗಳೊಳಗೆ ಸತ್ತವರು ಶೇಕಡಾ 31.8, ಪಡೆಯದವರಲ್ಲಿ 41.3. ಜೀವ ಉಳಿಯಿತು, ಆದರೆ ಬದುಕುಳಿದವರ ತೀವ್ರ ಅಂಗವೈಕಲ್ಯ ಅದರಿಂದ ಕಡಿಮೆಯಾಗಲಿಲ್ಲ. ಅದಕ್ಕಾಗಿಯೇ ಆಸ್ಪಿರಿನ್ ಸೇರಿಸಿದರೆ ಲಕ್ವ ತಪ್ಪೀತೇ ಎಂದು ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ವೈದ್ಯರು ಪರೀಕ್ಷಿಸಿದರು. ಭರವಸೆ ಹುಟ್ಟಿಸುವ ಸುಳಿವು ಸಿಕ್ಕಿದೆ, ಎಲ್ಲರಿಗೂ ಕೊಡಿ ಎನ್ನುವಷ್ಟು ಪುರಾವೆ ಇನ್ನೂ ಕೂಡಿಬಂದಿಲ್ಲ.

ಕುಟುಂಬದವರು ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಕ್ಷಯದ ಮಾತ್ರೆ ಶುರುವಾದ ಮೇಲೂ, ಕೆಲವೊಮ್ಮೆ ಜ್ವರ ಇಳಿದು ರೋಗಿ ಚೇತರಿಸಿಕೊಳ್ಳುತ್ತಿರುವಾಗಲೂ, ಲಕ್ವ ಹೊಡೆಯಬಹುದು. ಬ್ಯಾಕ್ಟೀರಿಯ ಸತ್ತರೂ ಉರಿಯೂತ ಮುಂದುವರಿದು, ಊದಿದ ರಕ್ತನಾಳ ಗಾಯ ಮಾಯುವ ಹೊತ್ತಿನಲ್ಲಿ ಇನ್ನಷ್ಟು ಕಿರಿದಾಗುವುದೇ ಇದಕ್ಕೆ ಕಾರಣ. ‘ಮಾತ್ರೆ ತಿಂದೇ ಹೀಗಾಯಿತು’ ಎಂದು ಔಷಧಿ ನಿಲ್ಲಿಸಿದರೆ ಉಳಿದಿದ್ದ ದಾರಿಯೂ ಮುಚ್ಚುತ್ತದೆ. ನಿಲ್ಲಿಸದೆ ಕೂಡಲೇ ಆಸ್ಪತ್ರೆಗೆ ಮರಳಬೇಕು.

ಕವಾಟದಿಂದ ಸಿಡಿದ ತುಣುಕು

ಹೃದಯದ ಕವಾಟ ಆರೋಗ್ಯವಾಗಿದ್ದರೆ ರಕ್ತಕ್ಕೆ ಆಗಾಗ ಸೇರುವ ಬ್ಯಾಕ್ಟೀರಿಯಗಳು ಅದರ ನುಣುಪಾದ ಮೈಮೇಲೆ ನಿಲ್ಲುವುದಿಲ್ಲ. ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟ, ಹುಟ್ಟಿನಿಂದಲೇ ದೋಷವಿರುವ ಹೃದಯ, ಶಸ್ತ್ರಚಿಕಿತ್ಸೆಯಲ್ಲಿ ಕೂರಿಸಿದ ಕೃತಕ ಕವಾಟ ಇವುಗಳ ಮೇಲೆ ನಿಲ್ಲುತ್ತವೆ. ಹುಳುಕು ಹಲ್ಲು ಮತ್ತು ಒಸಡಿನಿಂದ ಸ್ಟ್ರೆಪ್ಟೊಕಾಕಸ್, ಚರ್ಮದಿಂದಲೋ ಡಯಾಲಿಸಿಸ್ ನಳಿಕೆಯಿಂದಲೋ ಸ್ಟೆಫಿಲೊಕಾಕಸ್ ಬಂದು ಅಂಟಿಕೊಳ್ಳುತ್ತದೆ. ಮಾದಕ ದ್ರವ್ಯವನ್ನು ಸೂಜಿಯಿಂದ ತೆಗೆದುಕೊಳ್ಳುವವರಿಗೆ ಕವಾಟ ಚೆನ್ನಾಗಿದ್ದರೂ ಅಪಾಯವಿದೆ. ಅಂಟಿದ ಬ್ಯಾಕ್ಟೀರಿಯದ ಸುತ್ತ ರಕ್ತದ ಕಣಗಳು ಸೇರಿ ಸಡಿಲವಾದ ಗಂಟು ಬೆಳೆಯುತ್ತದೆ. ಹೃದಯ ಬಡಿದಂತೆಲ್ಲ ಅದು ಅಲುಗಾಡುತ್ತದೆ. ತುಣುಕೊಂದು ಕಳಚಿದರೆ ರಕ್ತ ಅದನ್ನು ನೇರವಾಗಿ ಮೆದುಳಿಗೆ ಒಯ್ಯಬಹುದು. ಈ ಸೋಂಕು ತಗುಲಿದ ಐವರಲ್ಲಿ ಒಬ್ಬರಿಂದ ಇಬ್ಬರಿಗೆ ಲಕ್ವವಾಗುತ್ತದೆ. ಕೆಲವರಲ್ಲಿ ಕಾಯಿಲೆ ಮೊದಲು ಬಯಲಾಗುವುದೇ ಲಕ್ವದಿಂದ.

ಕಳಚಿ ಹೋದ ತುಣುಕು ಬರೀ ಹೆಪ್ಪಲ್ಲ, ಅದರೊಳಗೆ ಜೀವಂತ ಬ್ಯಾಕ್ಟೀರಿಯಗಳಿವೆ. ಅದು ಸಿಕ್ಕಿಹಾಕಿಕೊಂಡ ಜಾಗದಲ್ಲಿ ರಕ್ತನಾಳದ ಗೋಡೆ ಕೊಳೆತು, ತೆಳುವಾಗಿ, ಉಬ್ಬಿ, ಒಡೆಯಬಹುದು. ಹೆಪ್ಪು ಕರಗಿಸುವ ಮದ್ದು ಇವರಿಗೆ ಸಲ್ಲದು ಎನ್ನುವುದು ಇದಕ್ಕಾಗಿಯೇ. ದೊಡ್ಡ ಅಪಧಮನಿ ಮುಚ್ಚಿದ್ದರೆ ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿ ತುಣುಕನ್ನು ಎಳೆದು ತೆಗೆಯುವ ವಿಧಾನವನ್ನು ಆಯ್ದ ರೋಗಿಗಳಲ್ಲಿ ಅನುಸರಿಸುತ್ತಾರೆ. ತೆಗೆದ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅದರಲ್ಲೇ ಬ್ಯಾಕ್ಟೀರಿಯ ಸಿಕ್ಕಿ ರೋಗದ ಗುಟ್ಟು ತಿಳಿಯುವುದೂ ಉಂಟು.

ಇಲ್ಲಿ ನಿಜವಾಗಿ ಲಕ್ವ ತಡೆಯುವುದು ಆಂಟಿಬಯೋಟಿಕ್. ಒಂದು ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಚಿಕಿತ್ಸೆಯ ಮೊದಲ ವಾರ ದಿನವೊಂದಕ್ಕೆ ಸಾವಿರ ರೋಗಿಗಳಿಗೆ 4.8ರಷ್ಟಿದ್ದ ಲಕ್ವ ಎರಡನೆಯ ವಾರಕ್ಕೆ 1.7ಕ್ಕೆ ಇಳಿಯಿತು. ಹಾಗೆಂದು ಕಂಡಕಂಡ ಆಂಟಿಬಯೋಟಿಕ್ ನುಂಗಿದರೆ ಕೆಡುಕೇ ಹೆಚ್ಚು. ಮೊದಲು ಬೇರೆ ಬೇರೆ ಕಡೆ ಚುಚ್ಚಿ ಮೂರು ಬಾರಿ ರಕ್ತ ತೆಗೆದು ಬ್ಯಾಕ್ಟೀರಿಯ ಬೆಳೆಸುವ ಪರೀಕ್ಷೆಗೆ ಕಳಿಸಬೇಕು, ಆಮೇಲೆ ಔಷಧಿ. ನಮ್ಮಲ್ಲಿ ಜ್ವರ ಬಂದ ಮೂರನೆಯ ದಿನಕ್ಕೆ ಔಷಧಿ ಅಂಗಡಿಯಿಂದ ಅರ್ಧ ಪಟ್ಟಿ ಮಾತ್ರೆ ತಂದು ನುಂಗುವ ರೂಢಿಯಿದೆ. ಆ ಅರೆಬರೆ ಮಾತ್ರೆ ಸೋಂಕನ್ನು ಕೊಲ್ಲುವುದಿಲ್ಲ, ಜ್ವರವನ್ನು ಒಂದೆರಡು ವಾರ ಅಡಗಿಸುತ್ತದೆ, ರಕ್ತಪರೀಕ್ಷೆಯಲ್ಲಿ ಬ್ಯಾಕ್ಟೀರಿಯ ಬೆಳೆಯದಂತೆಯೂ ಮಾಡುತ್ತದೆ. ಯಾವ ಬ್ಯಾಕ್ಟೀರಿಯ ಎಂದು ತಿಳಿಯದೆ ನಾಲ್ಕರಿಂದ ಆರು ವಾರ ರಕ್ತನಾಳಕ್ಕೆ ಕೊಡುವ ಔಷಧಿಯನ್ನು ಆರಿಸುವ ಕಷ್ಟ ಆಮೇಲೆ ವೈದ್ಯರ ಪಾಲಿಗೆ, ಅದರ ಬೆಲೆ ರೋಗಿಯ ಪಾಲಿಗೆ.

ಇದೆಲ್ಲದರ ಬೇರು ಬಹಳ ಸಲ ಬಾಲ್ಯದ ಗಂಟಲುನೋವಿನಲ್ಲಿದೆ. ಸ್ಟ್ರೆಪ್ಟೊಕಾಕಸ್ ಗಂಟಲು ಸೋಂಕಿನ ಕೆಲವು ವಾರಗಳ ನಂತರ ದೇಹದ ರಕ್ಷಣಾ ವ್ಯವಸ್ಥೆಯೇ ಕವಾಟಗಳ ಮೇಲೆ ತಿರುಗಿಬೀಳುವುದು ರುಮ್ಯಾಟಿಕ್ ಜ್ವರ. ಕೀಲುನೋವು ಹೋಗುತ್ತದೆ, ಕವಾಟದ ಹಾನಿ ಉಳಿಯುತ್ತದೆ. ಮಿಟ್ರಲ್ ಕವಾಟ ಕಿರಿದಾದರೆ ಹೃದಯದ ಎಡ ಮೇಲ್ಗೋಣೆ ಹಿಗ್ಗಿ, ಲಯ ತಪ್ಪಿ, ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಸೋಂಕು ಮುಗಿದು ಎಷ್ಟೋ ವರ್ಷಗಳಾದ ಮೇಲೆ, ಎಳೆಯ ತಾಯಂದಿರಿಗೆ ಲಕ್ವ ಹೊಡೆಯುವ ಒಂದು ದಾರಿ ಇದು. ಇಂಥವರಿಗೆ ರಕ್ತ ತೆಳುವಾಗಿಸುವ ಮದ್ದುಗಳಲ್ಲಿ ಹಳೆಯ ಕಾಲದ ವಾರ್ಫರಿನ್ ಜಾತಿಯ ಮಾತ್ರೆಗಳೇ ಹೊಸ ರಿವಾರೊಕ್ಸಬಾನ್‌ಗಿಂತ ಮೇಲು ಎಂದು ಭಾರತವೂ ಪಾಲ್ಗೊಂಡಿದ್ದ, 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಪ್ರಯೋಗ ತೋರಿಸಿತು. ಅದಕ್ಕೂ ಮೊದಲಿನ ಕೆಲಸವೆಂದರೆ, ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ತಪ್ಪದೆ ಹಾಕಿಸುವುದು. ನೋವಾಗುತ್ತದೆ ಎಂದು ನಡುವೆ ಬಿಡಿಸಬೇಡಿ. ಕೃತಕ ಕವಾಟ ಇರುವವರು ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಹೇಳಲೇಬೇಕು.

ನಾಚಿಕೆಯಿಂದ ಮುಚ್ಚಿಡುವ ಕಾರಣಗಳು

ಜರ್ಮನಿಯ ಒಟ್ಟೊ ಹ್ಯೂಬ್ನರ್ 1874ರಲ್ಲೇ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಮೆದುಳಿನ ಅಪಧಮನಿಗಳನ್ನು ಹೇಗೆ ಕಿರಿದಾಗಿಸುತ್ತದೆ ಎಂದು ವಿವರಿಸಿದ್ದರು. ಸೋಂಕು ತಗುಲಿ ಐದರಿಂದ ಹನ್ನೆರಡು ವರ್ಷಗಳ ಬಳಿಕ, ಅಂದರೆ ಗಂಡನೋ ಹೆಂಡತಿಯೋ ಆಗಿ ಸಂಸಾರ ನಡೆಸುತ್ತಿರುವ ವಯಸ್ಸಿನಲ್ಲಿ, ಅದು ಲಕ್ವವಾಗಿ ಕಾಣಿಸಿಕೊಳ್ಳಬಹುದು. ಎಚ್‌ಐವಿ ರಕ್ತನಾಳವನ್ನು ತಾನೇ ಹಾಳುಮಾಡುವುದಲ್ಲದೆ ಕ್ಷಯ, ಸಿಫಿಲಿಸ್, ಸರ್ಪಸುತ್ತಿನ ವೈರಸ್‌ಗಳಿಗೂ ಬಾಗಿಲು ತೆರೆಯುತ್ತದೆ. ಲಕ್ವ ಹೊಡೆದ ಪ್ರತಿಯೊಬ್ಬ ಯುವಕ ಯುವತಿಗೂ ಸಿಫಿಲಿಸ್ ಮತ್ತು ಎಚ್‌ಐವಿಯ ರಕ್ತಪರೀಕ್ಷೆಗಳನ್ನು ಮಾಡುವುದು ರೋಗಿಯ ನಡತೆಯ ಮೇಲಿನ ತೀರ್ಪಲ್ಲ, ವೈದ್ಯರ ಕರ್ತವ್ಯ. ಅತ್ತೆ ಮಾವ, ಅಣ್ಣ ತಮ್ಮಂದಿರು ಮಂಚದ ಸುತ್ತ ನಿಂತಿರುವಾಗ ಹಳೆಯ ಸಂಗತಿ ಕೇಳಿದರೆ ಯಾರೂ ಹೇಳುವುದಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ ಕೇಳಬೇಕು. ಸಿಫಿಲಿಸ್ ಎಂದು ತಿಳಿದರೆ ಹತ್ತರಿಂದ ಹದಿನಾಲ್ಕು ದಿನ ರಕ್ತನಾಳಕ್ಕೆ ಪೆನಿಸಿಲಿನ್ ಕೊಟ್ಟು ಸೋಂಕನ್ನು ಪೂರ್ತಿ ಗುಣಪಡಿಸಬಹುದು. ಗುಣವಾಗುವ ಕಾಯಿಲೆಯೊಂದು ಸಂಕೋಚದಿಂದಾಗಿ ಉಳಿದುಹೋಗುವುದು ನನಗೆ ಸಹಿಸಲಾಗದ ಸಂಗತಿ.

ಸರ್ಪಸುತ್ತಿನ ಮಾತು ಬಂತು. ಬಾಲ್ಯದಲ್ಲಿ ಸೀತಾಳೆ ಸಿಡುಬು ತರುವ ವೈರಸ್ ನರಗಳಲ್ಲಿ ಅಡಗಿದ್ದು ಮುಂದೆ ಸರ್ಪಸುತ್ತಾಗಿ ಏಳುತ್ತದೆ. ಹಣೆ ಮತ್ತು ಕಣ್ಣಿನ ಸುತ್ತ ಎದ್ದರೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಆ ಭಾಗದ ಸ್ಪರ್ಶದ ನರದ ಕವಲುಗಳೇ ಮೆದುಳಿನ ಅಪಧಮನಿಗಳಿಗೂ ಹೋಗುತ್ತವೆ. ವೈರಸ್ ಅದೇ ಹಾದಿಯಲ್ಲಿ ಸಾಗಿ ಅಪಧಮನಿಯ ಗೋಡೆಯಲ್ಲಿ ಬೆಳೆಯುತ್ತದೆ. ಬಲಗಣ್ಣಿನ ಬಳಿ ಗುಳ್ಳೆ ಎದ್ದು ಮಾಯ್ದ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಎಡಗೈ ಎಡಗಾಲು ಸೋಲಬಹುದು. ಸೀತಾಳೆ ಸಿಡುಬು ಬಂದ ಮಕ್ಕಳಲ್ಲೂ ಮುಂದಿನ ಆರು ತಿಂಗಳು ಅಪಾಯ ತುಸು ಹೆಚ್ಚು. ಗುಳ್ಳೆ ಏಳದೆಯೇ ಹೀಗಾಗುವುದೂ ಇದೆ. ಆಗ ಬೆನ್ನಿನ ನೀರಿನಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯ ಹುಡುಕುತ್ತಾರೆ. ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿಸಿ ಕಾಯುವ ಮೊದಲ ಮೂರು ದಿನಗಳೇ ವೈರಸ್ ತಡೆಯುವ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ದಿನಗಳು.

ಬಾಣಂತಿಯ ತಲೆನೋವು

ಇದುವರೆಗೆ ಹೇಳಿದ್ದೆಲ್ಲ ಅಪಧಮನಿಗಳ ಕತೆ. ಮೆದುಳಿನಿಂದ ರಕ್ತ ಹಿಂತಿರುಗುವ ಅಭಿಧಮನಿಗಳು ಹೆಪ್ಪುಗಟ್ಟಿದರೂ ಲಕ್ವ ಆಗುತ್ತದೆ. ಕಿವಿ ಸೋರುವುದನ್ನು ವರ್ಷಗಟ್ಟಲೆ ಕಡೆಗಣಿಸಿದಾಗ, ಸೈನಸ್ ಸೋಂಕು ಒಳಗೆ ಹಬ್ಬಿದಾಗ, ಮೂಗು ಮೇಲ್ತುಟಿಯ ಬಳಿಯ ಕುರುವನ್ನು ಹಿಸುಕಿದಾಗ ಸೋಂಕು ಈ ಅಭಿಧಮನಿಗಳಿಗೆ ತಲುಪಬಹುದು. ನಮ್ಮ ನಾಡಿನಲ್ಲಿ ಹೆಚ್ಚು ಹೇಳಬೇಕಾದದ್ದು ಬಾಣಂತಿಯರ ಬಗ್ಗೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ದಾಖಲಿಸುತ್ತ ಬಂದ ಕಾಯಿಲೆ ಇದು. ಬಸಿರಿನಲ್ಲಿ ಮತ್ತು ಹೆರಿಗೆಯಾದ ಆರು ವಾರಗಳಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ರಕ್ತಹೀನತೆ, ಹೆರಿಗೆಯ ನಂತರದ ಸೋಂಕು ಜ್ವರ, ಜೊತೆಗೆ ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿ. ಶೀತವಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ಪ್ರೀತಿಯಿಂದಲೇ ನೀರು ತಡೆಯುತ್ತಾರೆ. ಬಿಸಿನೀರಿನ ಸ್ನಾನ, ಕೆಂಡದ ಕಾವು, ಹಾಲೂಡಿಕೆ ಎಲ್ಲವೂ ಸೇರಿ ದೇಹ ಒಣಗುತ್ತದೆ. ಹೆರಿಗೆಯಾದ ಎರಡನೆಯ ಮೂರನೆಯ ವಾರದಲ್ಲಿ ತಡೆಯಲಾರದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್, ಒಂದು ಕೈಯೋ ಕಾಲೋ ಸೋಲುವುದು ಕಂಡರೆ ಸೂತಕ, ಗಾಳಿ, ದೃಷ್ಟಿ ಎಂದು ಕಾಯಬಾರದು. ಬೇಗ ಹೆಪಾರಿನ್ ಸಿಕ್ಕಿದವರಲ್ಲಿ ಬಹುಪಾಲು ಜನ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಬಾಣಂತಿಗೆ ಬಾಯಾರಿದಷ್ಟೂ ನೀರು ಕೊಡಿ.

ಶಿಲೀಂಧ್ರಗಳೂ ರಕ್ತನಾಳ ಹೊಕ್ಕಬಲ್ಲವು ಎಂಬುದನ್ನು 2021ರ ಕೋವಿಡ್ ಎರಡನೆಯ ಅಲೆ ದೇಶಕ್ಕೆಲ್ಲ ತೋರಿಸಿತು. ಹತೋಟಿ ತಪ್ಪಿದ ಸಕ್ಕರೆ ಮತ್ತು ಸ್ಟೀರಾಯ್ಡ್ ಎರಡೂ ಕೂಡಿದ ರೋಗಿಗಳಲ್ಲಿ ಕಪ್ಪು ಶಿಲೀಂಧ್ರ ಮೂಗಿನ ಕುಳಿಗಳಿಂದ ಕಣ್ಣಿನ ಹಿಂದಕ್ಕೆ, ಅಲ್ಲಿಂದ ಮೆದುಳಿಗೆ ಹೋಗುವ ಮುಖ್ಯ ಅಪಧಮನಿಗೆ ಹಬ್ಬಿ ಅದನ್ನು ಮುಚ್ಚಿತು. ಮೇ 2021ರಲ್ಲಿ ಕೇಂದ್ರ ಸರ್ಕಾರ ಇದನ್ನು ವರದಿ ಮಾಡಲೇಬೇಕಾದ ರೋಗವೆಂದು ಘೋಷಿಸುವಂತೆ ರಾಜ್ಯಗಳಿಗೆ ಹೇಳಿತು. ಕೊರೊನಾ ವೈರಸ್ ತಾನೇ ಲಕ್ವ ತರುವುದನ್ನು ಅದಕ್ಕೂ ಮೊದಲೇ ಕಂಡಿದ್ದರು: 2020ರ ಮಾರ್ಚ್ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯರು ಎರಡೇ ವಾರದಲ್ಲಿ ಐವತ್ತು ದಾಟದ ಐವರು ಕೋವಿಡ್ ರೋಗಿಗಳಲ್ಲಿ ದೊಡ್ಡ ಅಪಧಮನಿ ಮುಚ್ಚಿದ ಲಕ್ವವನ್ನು ನೋಡಿದರು. ವಾಸ್ತವವಾಗಿ ಸಾಮಾನ್ಯ ಶ್ವಾಸಕೋಶದ ಸೋಂಕು ಕೂಡ ಒಂದಿಷ್ಟು ಅಪಾಯ ತರುತ್ತದೆ. ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಆಧರಿಸಿ 2004ರಲ್ಲಿ ಬಂದ ಅಧ್ಯಯನ, ಅಂಥ ಸೋಂಕಿನ ಮೊದಲ ಮೂರು ದಿನ ಲಕ್ವದ ಸಾಧ್ಯತೆ ಸುಮಾರು ಮೂರು ಪಟ್ಟಾಗಿ ಆಮೇಲೆ ವಾರಗಳಲ್ಲಿ ಇಳಿಯುತ್ತದೆಂದು ಕಂಡಿತು.

ಲಾಡಿಹುಳುವಿನ ಮೊಟ್ಟೆಯಿಂದ ಮೆದುಳಿನಲ್ಲಿ ಗುಳ್ಳೆಯಾಗುವ ಕಾಯಿಲೆ ಹೆಚ್ಚಾಗಿ ಫಿಟ್ಸ್ ತರುತ್ತದೆ, ಅಪರೂಪಕ್ಕೆ ಲಕ್ವ. ತೊಳೆಯದ ಸೊಪ್ಪು ತರಕಾರಿಯಿಂದ ಬರುವುದರಿಂದ ಸಸ್ಯಾಹಾರಿಗಳಿಗೂ ಇದು ತಪ್ಪಿದ್ದಲ್ಲ. ಇಲಿಜ್ವರ, ಡೆಂಗಿ, ಮಲೇರಿಯಾಗಳಲ್ಲೂ ಮೆದುಳಿನ ರಕ್ತನಾಳಕ್ಕೆ ತೊಂದರೆಯಾಗುವುದುಂಟು, ಅದು ಇನ್ನೂ ವಿರಳ.

ಲಕ್ವಕ್ಕೆ ನಾಟಿ ಔಷಧಿ ಕೊಡಿಸಲು ನೂರಾರು ಕಿಲೋಮೀಟರ್ ಹೋಗುವವರು ನಮ್ಮಲ್ಲಿ ಬಹಳ. ಅಲ್ಲಿ ಗುಣವಾದವರ ಉದಾಹರಣೆಗಳೂ ಸಿಗುತ್ತವೆ. ಅವರಲ್ಲಿ ಎಷ್ಟೋ ಮಂದಿಗೆ ಆಗಿದ್ದು ಬಾಯಿ ಸೊಟ್ಟಗಾಗುವ ಮುಖದ ನರದ ಲಕ್ವ. ಅದು ಬಹುಪಾಲು ಜನರಲ್ಲಿ ತಾನಾಗಿಯೇ ಸರಿಹೋಗುತ್ತದೆ. ಅದರಲ್ಲಿ ಹಣೆಯೂ ಸುಕ್ಕುಗಟ್ಟುವುದಿಲ್ಲ, ಕಣ್ಣೂ ಮುಚ್ಚುವುದಿಲ್ಲ, ಕೈಕಾಲು ಮಾತ್ರ ಚೆನ್ನಾಗಿರುತ್ತವೆ. ಮೆದುಳಿನ ಲಕ್ವದ ನಾಲ್ಕೂವರೆ ಗಂಟೆ ಇಂಥ ಪ್ರಯಾಣದಲ್ಲಿ ಕಳೆದುಹೋಗುತ್ತದೆ. ಎರಡೂ ಒಂದೇ ಹೆಸರಿನಲ್ಲಿ ಓಡಾಡುತ್ತಿರುವುದು ದೊಡ್ಡ ಅನಾಹುತಕ್ಕೆ ಕಾರಣವಾಗಿದೆ.

ಹಾಗಾಗಿ ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು, ಹಗಲೂ ರಾತ್ರಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. ರೋಗಿ ಹರೆಯದವರಾಗಿದ್ದರೆ ವೈದ್ಯರು ಕೇಳದಿದ್ದರೂ ನೀವೇ ಹೇಳಿ: ಕಳೆದ ಒಂದೆರಡು ತಿಂಗಳಲ್ಲಿ ಜ್ವರ, ತಲೆನೋವು, ತೂಕ ಇಳಿತ ಇತ್ತೇ, ಮನೆಯಲ್ಲಿ ಯಾರಿಗಾದರೂ ಕ್ಷಯ ಇದೆಯೇ, ಕವಾಟದ ತೊಂದರೆ ಇದೆಯೇ, ಹಲ್ಲು ಕೀಳಿಸಿದ್ದುಂಟೇ, ಮುಖದ ಮೇಲೆ ಗುಳ್ಳೆ ಎದ್ದಿತ್ತೇ, ಈಚೆಗೆ ಹೆರಿಗೆಯಾಯಿತೇ. ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗಿದ ಮಾತ್ರೆಗಳಿದ್ದರೆ ಬೈಯುತ್ತಾರೆಂದು ಬಚ್ಚಿಡದೆ, ಉಳಿದ ಪಟ್ಟಿಯನ್ನು ಜೊತೆಗೇ ಒಯ್ದು ತೋರಿಸಿ. ಹೆಪ್ಪು ಕರಗಿಸುವ ಮದ್ದು ಕೊಡಬೇಕೇ ಬೇಡವೇ ಎಂಬುದನ್ನು ಆ ವೈದ್ಯರು ಕೆಲವೇ ನಿಮಿಷಗಳಲ್ಲಿ ತೀರ್ಮಾನಿಸಬೇಕಾಗಿರುತ್ತದೆ.